ನೆರಳಿನಿಂದ ಶುರುವಾಗುವ ಗೂಡು

ಚಳಿಗಾಲ ಪೂರ್ತಿ ಕೋಣೆಯೊಳಗೆ ದೀಪದ ಕೆಳಗೆ ಕಳೆದ ಗೋಸುಂಬೆಯನ್ನು ಜೂನ್ ತಿಂಗಳ ಒಂದು ಬೆಳಿಗ್ಗೆ ಹೊರಗಿನ ಗೂಡಿಗೆ ಬಿಟ್ಟಾಗ ಅದು ಏನು ಮಾಡುತ್ತದೆಂದು ಪಕ್ಕದಲ್ಲಿ ಕೂತು ನೋಡಬೇಕು. ಕೊಂಬೆಯನ್ನು ಬಿಗಿಯಾಗಿ ಹಿಡಿದು ಸೂರ್ಯನಿಗೆ ಮಗ್ಗುಲು ಕೊಟ್ಟು ನಿಲ್ಲುತ್ತದೆ. ಪಕ್ಕೆಗಳನ್ನು ಅಗಲಿಸಿ ಮೈಯನ್ನು ವೀಳ್ಯದೆಲೆಯ ಹಾಗೆ ಚಪ್ಪಟೆ ಮಾಡಿಕೊಳ್ಳುತ್ತದೆ. ಬಿಸಿಲು ಬಿದ್ದ ಮಗ್ಗುಲು ಕಪ್ಪಾಗುತ್ತದೆ; ಇನ್ನೊಂದು ಮಗ್ಗುಲು ತಿಳಿಯಾಗಿಯೇ ಉಳಿಯುತ್ತದೆ. ಕಪ್ಪು ಮೈ ಬೇಗ ಕಾಯುತ್ತದೆ, ಕಾದ ಮೇಲೆ ಬಣ್ಣ ಮತ್ತೆ ಹಸಿರಿಗೆ ಮರಳುತ್ತದೆ. ಕನ್ನಡದಲ್ಲಿ ಬೈಗುಳವಾಗಿ ಹೋಗಿರುವ ಈ ಬಣ್ಣ ಬದಲಾವಣೆ ಅಲ್ಲಿ ಮೈ ಕಾಯಿಸಿಕೊಳ್ಳುವ ಒಲೆ.

ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ಗೋಸುಂಬೆ ಸಾಕುವವರು ಬೇಸಿಗೆ ಬಂದೊಡನೆ ಹಿತ್ತಿಲಲ್ಲಿ ಜಾಲರಿಯ ಗೂಡು ಹೂಡುವುದು ಈ ಬಿಸಿಲಿಗಾಗಿ. ಬಿಸಿಲಿನ ಯುವಿ-ಬಿ ಕಿರಣ ಚರ್ಮಕ್ಕೆ ತಾಗಿದರೆ ಡಿ3 ಜೀವಸತ್ವ ತಯಾರಾಗುತ್ತದೆ, ಡಿ3 ಇದ್ದರೆ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರುತ್ತದೆ. ಅದಿಲ್ಲದಿದ್ದರೆ ದವಡೆ ಮೆತ್ತಗಾಗಿ, ಕಾಲು ಸೊಟ್ಟಗಾಗಿ, ಕೊನೆಗೆ ನಾಲಿಗೆ ಚಿಮ್ಮಿಸಿ ಹುಳ ಹಿಡಿಯುವುದಕ್ಕೂ ಆಗುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಸಾಲದು. ಗಾಜು ಬೆಳಕನ್ನು ಬಿಟ್ಟು ಯುವಿ-ಬಿಯನ್ನು ತಡೆದುಬಿಡುತ್ತದೆ. ಲಂಡನ್ನಿನಲ್ಲಿ ಯುವಿ ಸೂಚ್ಯಂಕ ಡಿಸೆಂಬರಿನಲ್ಲಿ 1ರ ಆಸುಪಾಸಿನಲ್ಲಿರುತ್ತದೆ, ಜೂನ್ ಮಧ್ಯಾಹ್ನ 6-7ಕ್ಕೆ ಏರುತ್ತದೆ. ಅಲ್ಲಿನವರಿಗೆ ಆ ಕೆಲವು ತಿಂಗಳು ಎಷ್ಟು ಅಮೂಲ್ಯ ಎನ್ನುವುದಕ್ಕೆ ಬೇರೆ ಲೆಕ್ಕ ಬೇಡ.

ಆದರೆ ಹೊಸಬರು ತಪ್ಪುವುದೂ ಇಲ್ಲಿಯೇ. ಹಿತ್ತಿಲಲ್ಲಿ ಎಲ್ಲಿ ಚೆನ್ನಾಗಿ ಬಿಸಿಲು ಬೀಳುತ್ತದೆ ಎಂದು ಹುಡುಕಿ ಗೂಡನ್ನು ಅಲ್ಲಿಟ್ಟುಬಿಡುತ್ತಾರೆ. ಹುಡುಕಬೇಕಾದದ್ದು ನೆರಳನ್ನು. ಮರದ ಮೇಲಿನ ಗೋಸುಂಬೆಗೆ ಬಿಸಿಲು ಜಾಸ್ತಿಯಾದರೆ ನಾಲ್ಕು ಹೆಜ್ಜೆ ಒಳಗೆ ಸರಿದರೆ ಸಾಕು, ಎಲೆಗಳ ಮರೆ ಸಿಗುತ್ತದೆ. ಗೂಡು ಕಟ್ಟಿದವರು ಆ ನಾಲ್ಕು ಹೆಜ್ಜೆಯನ್ನು ಅದರಿಂದ ಕಿತ್ತುಕೊಂಡಿರುತ್ತಾರೆ. ಅದನ್ನು ವಾಪಸು ಕೊಡುವುದೇ ಈ ಕೆಲಸದ ಮುಕ್ಕಾಲು ಪಾಲು.

ಅಮೆರಿಕದ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಮಡಗಾಸ್ಕರ್ ಮೂಲದ ಪ್ಯಾಂಥರ್ ಗೋಸುಂಬೆಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಬಲು ಚೆನ್ನಾಗಿ ತೋರಿಸುತ್ತವೆ. ಆಹಾರದಲ್ಲಿ ಡಿ3 ಕಡಿಮೆ ಸಿಕ್ಕ ಗೋಸುಂಬೆಗಳು ಯುವಿ ಕಿರಣಕ್ಕೆ ತಾವಾಗಿಯೇ ಹೆಚ್ಚು ಮೈಯೊಡ್ಡಿದವು. ಸಾಕಷ್ಟು ಸಿಕ್ಕವು ಕಡಿಮೆ ಒಡ್ಡಿದವು. ತನಗೆಷ್ಟು ಬಿಸಿಲು ಬೇಕೆಂಬುದು ಪ್ರಾಣಿಗೆ ಗೊತ್ತಿದೆ ಎಂದಾಯಿತು. ಹಾಗಿದ್ದರೆ ಸಾಕುವವರು ಬಿಸಿಲನ್ನು ಗಂಟೆ ಲೆಕ್ಕದಲ್ಲಿ ಅಳೆದು ಬಡಿಸುವ ಅಗತ್ಯವಿಲ್ಲ. ಬಿಸಿಲಿಗೂ ನೆರಳಿಗೂ ನಡುವೆ ದಾರಿ ತೆರೆದಿಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಗೂಡು ಹೇಗಿರಬೇಕು? ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ ಎಂಬುದು ದೊಡ್ಡ ಗೋಸುಂಬೆಗೆ ರೂಢಿಯಲ್ಲಿರುವ ಅಳತೆ. ಸುತ್ತಲೂ ಗಾಳಿಯಾಡಬೇಕು. ಗಾಜಿನ ತೊಟ್ಟಿಯನ್ನು ಬಿಸಿಲಿಗೆ ಇಡುವ ಮಾತೇ ಬೇಡ; ಕೆಲವೇ ನಿಮಿಷಗಳಲ್ಲಿ ಅದು ಕುಲುಮೆಯಾಗುತ್ತದೆ. ಫೈಬರ್ ಜಾಲರಿಯನ್ನು ಮೇವಿಗೆ ಬಿಟ್ಟ ಮಿಡತೆ, ಚಿಮ್ಮಂಡೆಗಳೇ ಕಡಿದು ತೂತು ಮಾಡುವುದರಿಂದ ಅಲ್ಯೂಮಿನಿಯಂ ಜಾಲರಿ ಲೇಸು. ಗೂಡಿನ ಕನಿಷ್ಠ ಅರ್ಧ ಭಾಗ ದಿನದ ಯಾವ ಹೊತ್ತಿನಲ್ಲೂ ನೆರಳಲ್ಲಿರಬೇಕು. ಇದನ್ನು ಊಹೆಯ ಮೇಲೆ ಬಿಡುವ ಹಾಗಿಲ್ಲ. ಗೋಸುಂಬೆಯನ್ನು ಬಿಡುವ ಮೊದಲು ಒಂದಿಡೀ ದಿನ ಖಾಲಿ ಗೂಡಿನೊಳಗೆ ಮೇಲೊಂದು ಕೆಳಗೊಂದು ಥರ್ಮಾಮೀಟರ್ ತೂಗುಹಾಕಿ, ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ನೋಡಬೇಕು. ಬೆಳಿಗ್ಗೆ ತಂಪಾಗಿದ್ದ ಮೂಲೆಯೇ ಮಧ್ಯಾಹ್ನ ಕೆಂಡವಾಗಿರುವುದು ಆಗ ತಿಳಿಯುತ್ತದೆ. ಅಲ್ಲಿಗೆ ಶೇಡ್‌ನೆಟ್ಟಿನ ತುಂಡೊಂದನ್ನು ಕಟ್ಟಿದರಾಯಿತು.

ಯೆಮೆನ್ ಗೋಸುಂಬೆ 30 ಡಿಗ್ರಿಯ ಹಗಲನ್ನು ಆರಾಮವಾಗಿ ಕಳೆಯುತ್ತದೆ. ಕೆನ್ಯಾದ ಬೆಟ್ಟದ ತಂಪಿನಿಂದ ಬಂದ, ಗಂಡಿಗೆ ಮೂರು ಕೊಂಬಿರುವ ಜಾಕ್ಸನ್ ಗೋಸುಂಬೆ ಅದೇ ಬಿಸಿಯಲ್ಲಿ ಬಳಲಿಹೋಗುತ್ತದೆ. ಮೈ ಬಿಳುಪೇರಿ ಬಾಯಿ ತೆರೆದು ಕೂತಿದ್ದರೆ ಆಗಲೇ ಬಿಸಿ ಮೀರಿದೆ ಎಂದರ್ಥ. ತಕ್ಷಣ ನೆರಳಿಗೆ ತರಬೇಕು.

ಒಳಗೆ ನೆಡುವ ಗಿಡಗಳಲ್ಲಿ ದಾಸವಾಳಕ್ಕೆ ಮೊದಲ ಮಣೆ. ಎಲೆ ದಟ್ಟ, ಕೊಂಬೆ ಹಿಡಿತಕ್ಕೆ ಸರಿ, ಯೆಮೆನ್ ಗೋಸುಂಬೆ ಎಲೆ ಹೂಗಳನ್ನು ಮೆದ್ದರೂ ತೊಂದರೆಯಿಲ್ಲ. ಕಣಗಿಲೆ ಮಾತ್ರ ಹತ್ತಿರ ಸುಳಿಯಬಾರದು, ಅದು ವಿಷ. ನರ್ಸರಿಯಿಂದ ತಂದ ಗಿಡಕ್ಕೆ ಕೀಟನಾಶಕ ಹೊಡೆದಿರುವುದುಂಟು. ಮೊದಲೇ ಕೇಳಿ ತಿಳಿದುಕೊಂಡು, ಗೊತ್ತಾಗದಿದ್ದರೆ ಬಿಟ್ಟುಬಿಡುವುದೇ ಮೇಲು. ಗೋಸುಂಬೆ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಎಲೆಯ ಮೇಲೆ ನಿಂತ ಹನಿಯನ್ನು ಚಪ್ಪರಿಸುತ್ತದೆ. ಆದ್ದರಿಂದ ತುಂತುರು ನೀರು ಹಾಯಿಸಬೇಕು. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ನೆಲಕ್ಕೆ ಹರಿಯಬಿಟ್ಟು, ತಣ್ಣಗಾದ ಮೇಲೆ ಗೂಡಿನ ಕಡೆ ತಿರುಗಿಸಬೇಕು.

ಇನ್ನು ವೈರಿಗಳು. ಬೆಕ್ಕು, ಕಾಗೆ, ಇಲಿ ಎಲ್ಲ ಕಡೆಯೂ ಇವೆ. ಅಮೆರಿಕದಲ್ಲಿ ರಕೂನ್ ಎಂಬ ಕೈಚಳಕದ ಪ್ರಾಣಿ ಸುಲಭದ ಚಿಲಕವನ್ನು ತೆಗೆದೇಬಿಡುತ್ತದೆ, ಹಾಗಾಗಿ ಬಾಗಿಲಿಗೆ ಸ್ಪ್ರಿಂಗ್ ಕೊಕ್ಕೆಯೂ ಬೇಕು. ಗಾಳಿಗೆ ಉರುಳದಂತೆ ಗೂಡನ್ನು ಕಟ್ಟಿರಬೇಕು. ಫ್ಲೋರಿಡಾದಂಥ ಕಡೆ ಕುಟುಕುವ ಕೆಂಪಿರುವೆಗಳ ದಂಡು ಓಡಲು ದಾರಿಯಿಲ್ಲದ ಗೋಸುಂಬೆಯನ್ನು ಕೊಂದೇಬಿಡಬಲ್ಲದು. ನಮ್ಮ ಹಳೆಯ ಮನೆಗಳಲ್ಲಿ ಹಾಲು ಮೊಸರಿಡುವ ಜಾಲರಿ ಕಪಾಟಿನ ಕಾಲುಗಳ ಕೆಳಗೆ ನೀರಿನ ಬಟ್ಟಲಿಡುತ್ತಿದ್ದರಲ್ಲ, ಗೂಡಿಟ್ಟ ಮೇಜಿನ ಕಾಲುಗಳಿಗೂ ಅದೇ ಉಪಾಯ ಸಲ್ಲುತ್ತದೆ.

ಇವೆಲ್ಲಕ್ಕಿಂತ ಅನಿರೀಕ್ಷಿತ ವೈರಿ ಮಿಂಚುಹುಳ. ಅಮೆರಿಕದ ಕೆಲವು ಮಿಂಚುಹುಳಗಳ ಮೈಯಲ್ಲಿ ಲ್ಯೂಸಿಬುಫಾಜಿನ್ ಎಂಬ, ಹೃದಯಕ್ಕೆ ಮಾರಕವಾದ ವಿಷವಿರುತ್ತದೆ. ನೆಲಗಪ್ಪೆಯ ವಿಷಕ್ಕೆ ಹತ್ತಿರದ ಸಂಬಂಧಿ. ಕೀಟಗಳ ರಸಾಯನ ವಿದ್ಯೆಗೆ ಹೆಸರಾದ ಥಾಮಸ್ ಐಸ್ನರ್ ಅವರೂ ಇದ್ದ ತಂಡ 1999ರಲ್ಲಿ ಸಾಕಿದ ಓತಿಗಳು ಇದರಿಂದ ಸತ್ತ ಪ್ರಕರಣಗಳನ್ನು ವರದಿ ಮಾಡಿತು. ಆ ಹುಳಗಳ ಜೊತೆ ಬೆಳೆದ ಹಲ್ಲಿಗಳು ಅವನ್ನು ಮೂಸಿಯೂ ನೋಡುವುದಿಲ್ಲ. ಆಸ್ಟ್ರೇಲಿಯಾದಿಂದಲೋ ಆಫ್ರಿಕಾದಿಂದಲೋ ಬಂದ ಪ್ರಾಣಿಗೆ ಆ ಎಚ್ಚರ ರಕ್ತದಲ್ಲಿಲ್ಲ. ಮಿಂಚುಹುಳ ಹಾರುವ ಊರಿನಲ್ಲಿ ಕತ್ತಲಾಗುವ ಮೊದಲೇ ಗೋಸುಂಬೆಯನ್ನು ಒಳಗೆ ತರಲೇಬೇಕು.

ಹೊರಗಿನದು ಒಳಬರದಂತೆ ಕಾಯುವಷ್ಟೇ ಮುಖ್ಯ, ಒಳಗಿನದು ಹೊರಹೋಗದಂತೆ ಕಾಯುವುದು. 1972ರಲ್ಲಿ ಹವಾಯಿಯ ಒವಾಹು ದ್ವೀಪದ ಕನೆಓಹೆಯಲ್ಲಿ ಸಾಕುಪ್ರಾಣಿ ಅಂಗಡಿಯೊಂದಕ್ಕೆ ಕೆನ್ಯಾದಿಂದ ಕೆಲವು ಡಜನ್ ಜಾಕ್ಸನ್ ಗೋಸುಂಬೆಗಳು ಬಂದವು. ಪ್ರಯಾಣದಲ್ಲಿ ಸೊರಗಿದ್ದವು ಚೇತರಿಸಿಕೊಳ್ಳಲೆಂದು ಮಾಲೀಕರು ಅವನ್ನು ಹಿತ್ತಿಲ ಗಿಡಗಳಲ್ಲಿ ಬಿಟ್ಟರು. ಉದ್ದೇಶ ಒಳ್ಳೆಯದೇ, ಆದರೆ ಜಾಲರಿ ಇರಲಿಲ್ಲ. ಮರಿ ಹಾಕುವ ಜಾತಿ ಅದು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹಬ್ಬಿತು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವುಗಳ ಹೊಟ್ಟೆಯೊಳಗೆ ಅಳಿವಿನಂಚಿನ ಅಕಟಿನೆಲ್ಲಾ ಮರಬಸವನಹುಳುಗಳು ಸಿಕ್ಕವು. ಆ ದ್ವೀಪಗಳಲ್ಲಲ್ಲದೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಹುಳುಗಳವು. ಹಿತ್ತಿಲ ಗೂಡಿನ ಬಾಗಿಲನ್ನು ಪ್ರತಿಸಲ ಎರಡೆರಡು ಬಾರಿ ಎಳೆದು ನೋಡುವವರನ್ನು ಕಂಡರೆ ಈ ಕಾರಣಕ್ಕೇ ಗೌರವ ಹುಟ್ಟುತ್ತದೆ.

ಕರ್ನಾಟಕದ ಕುರುಚಲು ಕಾಡಿನಲ್ಲಿ, ಹೊಲದ ಬೇಲಿಗಳಲ್ಲಿ ಓಲಾಡುತ್ತ ನಡೆಯುವ ನಮ್ಮ ಗೋಸುಂಬೆಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಬೇಲಿಯ ಮೇಲೆ ಕಂಡರೆ ದೂರದಿಂದ ನೋಡಿ ಸಂತೋಷಪಡಬೇಕು, ಅದರ ಬಿಸಿಲು ನೆರಳು ಅದರ ಬಳಿಯೇ ಇದೆ.

ಸೆಪ್ಟೆಂಬರ್ ಹೊತ್ತಿಗೆ ಇಂಗ್ಲೆಂಡಿನ ಸಂಜೆಗಳು ತಣ್ಣಗಾಗುತ್ತವೆ. ಮೊದಮೊದಲು ರಾತ್ರಿ ಮಾತ್ರ ಒಳಗೆ, ಆಮೇಲೆ ಮೋಡದ ದಿನಗಳಲ್ಲೂ ಒಳಗೆ. ಗೂಡನ್ನು ತೊಳೆದು ಒಣಗಿಸಿ ಮಡಚಿಡುತ್ತಾರೆ. ಕುಂಡದ ದಾಸವಾಳವೂ ಗೋಸುಂಬೆಯ ಜೊತೆಗೇ ಒಳಗೆ ಬಂದು ದೀಪದ ಕೆಳಗೆ ಜಾಗ ಹಿಡಿಯುತ್ತದೆ.