ಓದಲಾಗದ ಅಕ್ಷರ, ಲೆಕ್ಕಕ್ಕೆ ಸಿಗದ ಕಲ್ಲು: ಆಟದ ಮೇಜಿನ ಮೇಲಿನ ಪಾಳು ದೇಗುಲಗಳು

ಎರಡು ತಿಂಗಳ ಹಿಂದೆ ಅಕ್ಕನ ಮಗ ಒಂದು ಫೋಮಿನ ಗೋಡೆ ಹಿಡ್ಕೊಂಡು ಮನೆಗೆ ಬಂದ. ಕಾಡಿನೊಳಗೆ ಪಾಳು ಬಿದ್ದ ದೇವಸ್ಥಾನದ ಗೋಡೆ. ಬೂದು ಬಣ್ಣ ಬಳಿದಾಗಿತ್ತು, ಪಾಚಿ ಅಂಟಿಸಿದ್ದಾಗಿತ್ತು. ಬಾಗಿಲುವಾಡದ ಪಕ್ಕ ಮಾತ್ರ ಬೆರಳಗಲದ ಒಂದು ಪಟ್ಟಿ ಖಾಲಿ ಬಿಟ್ಟಿದ್ದ. "ಇಲ್ಲಿ ಹಳೇ ಅಕ್ಷರ ಬೇಕು ಮಾವ. ಏನಾದ್ರೂ ಗೀಚಿ, ಯಾರು ಓದ್ತಾರೆ?" ಅಂದ.

ಭಾನುವಾರ ಬಂದ್ರೆ ಶಾಸನ ಹುಡುಕ್ಕೊಂಡು ಹೊಲ, ಕೆರೆ ಏರಿ ಸುತ್ತೋ ನನ್ನಂಥವನಿಗೆ ಈ ಮಾತು ಸ್ವಲ್ಪ ಚುಚ್ಚಿತು. ಆದರೆ ಅವನ ತಪ್ಪೇನೂ ಇರಲಿಲ್ಲ. ಆ ಹವ್ಯಾಸದಲ್ಲಿ ಪಾಳು ದೇಗುಲ ಕಟ್ಟುವ ಬಹುತೇಕರು ಮಾಡೋದು ಅದನ್ನೇ. ಆಮೇಲೆ ಎರಡು ತಿಂಗಳು ಇಂಥ ಮಾದರಿಗಳ ಚಿತ್ರ, ವಿಡಿಯೊ ಸಾಕಷ್ಟು ನೋಡಿದೆ, ನಾನೂ ಬ್ಲೇಡು ಹಿಡಿದು ಕೂತೆ. ಈ ಬರಹ ಅದರ ಫಲ. ಇದು ಶಾಸನ ಬ್ಲಾಗಿಗೆ ಯಾಕೆ ಸೇರಬೇಕು ಅನ್ನೋದು ಮುಂದೆ ತಿಳಿಯುತ್ತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು, ದಾಳ ಹಾಕಿ, ಅಳತೆಪಟ್ಟಿ ಹಿಡಿದು ಯುದ್ಧವಾಡುವ ಆಟ ಇದು. ಎಚ್. ಜಿ. ವೆಲ್ಸ್ 1913ರಲ್ಲೇ 'ಲಿಟಲ್ ವಾರ್ಸ್' ಅಂತ ಇದಕ್ಕೊಂದು ನಿಯಮದ ಪುಸ್ತಕ ಬರೆದಿದ್ದ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯ 'ವಾರ್‌ಹ್ಯಾಮರ್' 1983ರಲ್ಲಿ ಬಂದ ಮೇಲೆ ಹವ್ಯಾಸ ದೊಡ್ಡದಾಗಿ ಬೆಳೆಯಿತು. ಸೈನಿಕನ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರ್, ಅಂದ್ರೆ ಸುಮಾರು 1:60 ಅಳತೆ. ಮೇಜಿನ ಮೇಲಿನ ಗುಡ್ಡ, ಮನೆ, ಪಾಳು ಗೋಡೆಗಳನ್ನೆಲ್ಲ ಸೇರಿಸಿ 'ಟೆರೇನ್' ಅಂತಾರೆ. ಅದರಲ್ಲಿ ಪಾಳು ದೇಗುಲಕ್ಕೆ ಯಾವತ್ತೂ ಬೇಡಿಕೆ. ಸೈನಿಕರು ಅಡಗೋಕೆ ಅರ್ಧ ಗೋಡೆ ಬೇಕಲ್ಲ!

ಮೊದಲು ಮೆಚ್ಚುಗೆಯ ಮಾತು. ಇವರ ಕೈಕೆಲಸ ನಿಜಕ್ಕೂ ದೊಡ್ಡದು. ಫೋಮ್ ಹಾಳೆಯನ್ನು ಬಿಸಿ ತಂತಿಯಿಂದ ಇಟ್ಟಿಗೆ ಇಟ್ಟಿಗೆಯಾಗಿ ಕತ್ತರಿಸ್ತಾರೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ ಅದರ ಮೇಲೆ ಉರುಳಿಸಿದರೆ ಕಲ್ಲಿನ ಒರಟು ಮೈ ಬಂದುಬಿಡುತ್ತೆ. ಕಪ್ಪು ಬಣ್ಣ ಹಚ್ಚಿ ಒಣಗಿಸಿ, ಕುಂಚದಲ್ಲಿ ಇದ್ದೂ ಇಲ್ಲದಷ್ಟು ತಿಳಿ ಬಣ್ಣ ಉಳಿಸಿಕೊಂಡು ಮೇಲೆ ಮೇಲೆ ಸವರ್ತಾರೆ. ಇದಕ್ಕೆ 'ಡ್ರೈ ಬ್ರಷ್' ಅಂತ ಹೆಸರು. ಉಬ್ಬಿದ ಭಾಗಕ್ಕೆ ಮಾತ್ರ ಬಣ್ಣ ಹತ್ತುತ್ತೆ, ತಗ್ಗು ಕಪ್ಪಾಗೇ ಉಳಿಯುತ್ತೆ.

ಇದನ್ನು ನೋಡ್ತಿದ್ದ ಹಾಗೆ ನಮ್ಮ ಪಡಿಯಚ್ಚು, ಅಂದ್ರೆ ಎಸ್ಟಾಂಪೇಜ್ ನೆನಪಾಯ್ತು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿನೊಳಗೆ ಇಳಿಸಿ, ಮೇಲಿಂದ ಮಸಿಯ ಉಂಡೆ ತಟ್ಟುವುದು. ಉಬ್ಬಿಗೆ ಮಸಿ ಹತ್ತುತ್ತೆ, ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತೆ. ಬಣ್ಣ ಅದಲುಬದಲು, ತತ್ವ ಒಂದೇ. ಅಂದ್ರೆ ಕಲ್ಲಿನ ಉಬ್ಬುತಗ್ಗನ್ನು ಓದುವ ಕಣ್ಣು, ಕೈ ಎರಡೂ ಇವರಿಗಿದೆ. ಅದಕ್ಕೇ ಮುಂದಿನ ಆಕ್ಷೇಪಗಳನ್ನು ಸಲುಗೆಯಿಂದ ಹೇಳ್ತಿದೀನಿ.

ಮೊದಲ ಆಕ್ಷೇಪ ಎಂಜಿನಿಯರ್‌ನದ್ದು. ಬಿದ್ದ ಕಲ್ಲೆಲ್ಲಿ ಹೋಯ್ತು?

15 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪದ ಗೋಡೆ ತಗೊಳ್ಳಿ: 360 ಸಿ.ಸಿ. ಅರ್ಧ ಒಡೆದರೆ 180 ಸಿ.ಸಿ. ಕಲ್ಲು ಕೆಳಗೆ ಬೀಳಬೇಕು. ರಾಶಿ ಬಿದ್ದ ಕಲ್ಲಿನ ನಡುವೆ ಸಂದು ಇರೋದ್ರಿಂದ ಆ ರಾಶಿ 250 ಸಿ.ಸಿ.ಗೂ ಮೀರುತ್ತೆ, ಒಂದು ದೊಡ್ಡ ಲೋಟದ ತುಂಬ. ಮಾದರಿಗಳಲ್ಲಿ ಕಾಣೋದು ಒಂದು ಚಮಚ ಜಲ್ಲಿ. ಗೋಡೆಯ ತುದಿಯಂತೂ ಇಲಿ ಕಡಿದ ರೊಟ್ಟಿಯ ಹಾಗೆ ಅಂಕುಡೊಂಕು. ನಿಜವಾದ ಕಲ್ಲುಕಟ್ಟಡ ಹೆಚ್ಚಾಗಿ ಬಿಡೋದು ಸಂದಿನಲ್ಲಿ. ಗ್ರೀಕ್ ಕಂಬಗಳು ಗಾಲಿಯಂಥ ತುಂಡುಗಳನ್ನು ಪೇರಿಸಿ ಮಾಡಿದವು. ಅಥೆನ್ಸ್‌ನ ಒಲಿಂಪಿಯನ್ ಜ್ಯೂಸ್ ದೇಗುಲದಲ್ಲಿ 1852ರ ಬಿರುಗಾಳಿಗೆ ಉರುಳಿದ ಕಂಬ ಇವತ್ತೂ ಹಾಗೇ ಮಲಗಿದೆ, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿಟ್ಟ ಮೂಲಂಗಿ ಥರ. ಮೇಜಿನ ಮೇಲಿನ ಗ್ರೀಕ್ ಕಂಬಗಳು ಮಾತ್ರ ಸೀಮೆಸುಣ್ಣದ ಕಡ್ಡಿ ಮುರಿದ ಹಾಗೆ ನಡುವಿಗೆ ಲಟಕ್ಕಂತ ಮುರಿದಿರುತ್ತವೆ.

ಇದಕ್ಕೆ ಆಟಗಾರರ ಉತ್ತರವೂ ನ್ಯಾಯವಾದದ್ದೇ. ನೆಲದ ತುಂಬ ಕಲ್ಲು ಸುರಿದರೆ ಸೈನಿಕನ ದುಂಡು ಪೀಠ ನಿಲ್ಲೋದಿಲ್ಲ. ಒಪ್ಪಿದೆ. ಆದರೆ ನಿಜವಾದ ಪಾಳು ಜಾಗದಲ್ಲೂ ಕಲ್ಲು ಕಾಣೆಯಾಗಿರುತ್ತೆ, ಅದಕ್ಕೊಂದು ಕಾರಣವೂ ಇರುತ್ತೆ. ಊರವರು ಹೊತ್ತುಕೊಂಡು ಹೋಗಿರ್ತಾರೆ. ನಮ್ಮ ಕಡೆ ಶಾಸನದ ಕಲ್ಲು ಕೋಟೆಗೋಡೆಯಲ್ಲಿ, ಕೆರೆ ತೂಬಿನಲ್ಲಿ, ಬಟ್ಟೆ ಒಗೆಯುವ ಕಲ್ಲಾಗಿ, ಚರಂಡಿ ಮೇಲಿನ ಚಪ್ಪಡಿಯಾಗಿ ಸಿಗೋದು ಇದಕ್ಕೇ. ಹಾಗಾಗಿ ನೆಲ ಖಾಲಿ ಬೇಕಂದ್ರೆ ಪಕ್ಕದಲ್ಲಿ ಆ ಕಲ್ಲಲ್ಲೇ ಕಟ್ಟಿದ ಒಂದು ದನದ ಕೊಟ್ಟಿಗೆ ಇಡಿ. ಲೆಕ್ಕ ಸರಿಹೋಗುತ್ತೆ, ಆಟಕ್ಕೂ ಒಂದು ಗೋಡೆ ಸಿಗುತ್ತೆ.

ಎರಡನೇ ಆಕ್ಷೇಪ ಅಕ್ಷರದ್ದು. ಅಕ್ಕನ ಮಗ ಕೇಳಿದ ಪಟ್ಟಿಗೆ ಬರೋಣ. ಶಾಸನದ ಅಕ್ಷರ ಒಂದು ಅಂಗುಲ, ಅಂದ್ರೆ 25 ಮಿ.ಮೀ. ಎತ್ತರ ಅಂತಿಟ್ಟುಕೊಳ್ಳಿ. 1:60ಕ್ಕೆ ಇಳಿಸಿದರೆ 0.4 ಮಿ.ಮೀ. ಸಾಮಾನ್ಯ ತ್ರೀಡಿ ಪ್ರಿಂಟರ್‌ನ ಮೂತಿಯೇ 0.4 ಮಿ.ಮೀ. ಇರುತ್ತೆ, ಅದರಲ್ಲಿ ಒಂದು ಇಡೀ ಅಕ್ಷರ ಒಂದೇ ಚುಕ್ಕೆ! ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡ್ತಿರೋದು ಇಲ್ಲಿ ಓದುವ ಹಲವರಿಗೆ ಗೊತ್ತು. ಎಷ್ಟೇ ಸೂಕ್ಷ್ಮವಾದ ಸ್ಕ್ಯಾನ್ ಆದರೂ ಈ ಅಳತೆಗೆ ಇಳಿಸಿ ಇಂಥ ಪ್ರಿಂಟರ್‌ಗೆ ಕೊಟ್ಟರೆ ಬರೋದು ಬರೀ ಒರಟು ಮೈ.

ಹೀಗಾಗಿ ಮಾದರಿಗಾರರು ಅಕ್ಷರವನ್ನು ಹಿಗ್ಗಿಸ್ತಾರೆ. ಸೈನಿಕನ ತಲೆಯಷ್ಟು ದೊಡ್ಡ ಗೀರುಗಳು, ಓದಿದರೆ ಏನೂ ಇಲ್ಲ. ಕೆಲವರು ಅಚ್ಚು ಮಾಡಿ ಒತ್ತುತ್ತಾರೆ. ಅಚ್ಚಿನಲ್ಲಿ ಅಕ್ಷರವನ್ನು ತಿರುಗಿಸಿ ಕೊರೆಯದಿದ್ದರೆ ಗೋಡೆಯ ಮೇಲೆ ಕನ್ನಡಿಬಿಂಬ ಮೂಡುತ್ತೆ. ನನ್ನ ಸಲಹೆ: ಅಕ್ಷರ ಬಿಡಿ, ಸಾಲು ಹಿಡಿಯಿರಿ. ಹತ್ತು ಮಾರು ದೂರದಿಂದ ನಮಗೂ ಶಾಸನದ ಅಕ್ಷರ ಕಾಣಲ್ಲ, ಆದರೂ ಅದು ಶಾಸನ ಅಂತ ಗೊತ್ತಾಗುತ್ತೆ. ಯಾಕೆ? ಒಪ್ಪವಾದ ಚೌಕಟ್ಟು, ಒಂದೇ ಅಂತರದ ಸಾಲುಗಳು. ನಮ್ಮ ಕಡೆಯದಾದರೆ ನೆತ್ತಿಯಲ್ಲಿ ಸೂರ್ಯ ಚಂದ್ರ. ಇಷ್ಟು 1:60ರಲ್ಲೂ ಬರುತ್ತೆ.

ಮೂರನೆಯದೇ ಮುಖ್ಯ. ಅಕ್ಕನ ಮಗನ ಮಾದರಿಗೆ ಮೂಲ ಯಾವುದು ಅಂತ ಕೇಳಿದೆ. ಫೋನಿನಲ್ಲಿ ಫೋಟೊ ತೋರಿಸಿದ. ಕಾಂಬೋಡಿಯಾದ ಅಂಗ್ಕೋರ್ ಹತ್ತಿರದ ತಾ ಪ್ರೋಮ್. ಗೋಡೆಯ ಮೇಲೆ ಕೂತ ದೈತ್ಯ ಮರ, ಹಾವಿನ ಹಾಗೆ ಇಳಿಬಿದ್ದ ಬೇರು. 'ಜಂಗಲ್ ಟೆಂಪಲ್' ಹೆಸರಿನ ಮಾದರಿಗಳಲ್ಲಿ ಮತ್ತೆ ಮತ್ತೆ ಕಾಣೋದು ಈ ಚಿತ್ರವೇ. ಜನರಿಲ್ಲ, ಹೆಸರಿಲ್ಲ, ಕಾಡು ನುಂಗಿದ ಮೌನ.

ಆದರೆ ತಾ ಪ್ರೋಮ್ ಮೌನವಾಗಿಲ್ಲ. ಅದಕ್ಕೊಂದು ಶಾಸನ ಇದೆ. ಶಕ 1108, ಅಂದ್ರೆ ಕ್ರಿ.ಶ. 1186. ಇಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳ ಆಳ್ತಿದ್ದ ಕಾಲ. ಸಂಸ್ಕೃತ ಪದ್ಯಗಳು, ಲಿಪಿ ಖ್ಮೇರ್. ಪಲ್ಲವ ಲಿಪಿಯಿಂದ ಬೆಳೆದದ್ದು, ಹಾಗಾಗಿ ನಮ್ಮ ಅಕ್ಷರಕ್ಕೂ ದೂರದ ದಾಯಾದಿ. 1906ರಲ್ಲಿ ಜಾರ್ಜ್ ಸೆದೆಸ್ ಇದನ್ನು ಓದಿ ಪ್ರಕಟಿಸಿದರು. ಏಳನೇ ಜಯವರ್ಮ ಕಟ್ಟಿಸಿದ ಬೌದ್ಧ ವಿಹಾರ, ಹೆಸರು ರಾಜವಿಹಾರ. ತನ್ನ ತಾಯಿಯನ್ನು ಪ್ರಜ್ಞಾಪಾರಮಿತೆಯ ರೂಪದಲ್ಲಿ ಅಲ್ಲಿ ಪ್ರತಿಷ್ಠೆ ಮಾಡಿಸಿದ. ಆವರಣದೊಳಗೆ ವಾಸಕ್ಕೆ ಹಕ್ಕಿದ್ದವರು 12,640 ಜನ. ಅವರಲ್ಲಿ 18 ಮುಖ್ಯ ಪುರೋಹಿತರು, 2,740 ಇತರ ಅರ್ಚಕರು, 615 ನರ್ತಕಿಯರು. ಸೇವೆಗೆ ಬಿಟ್ಟ ಹಳ್ಳಿಗಳು 3,140, ಆ ಹಳ್ಳಿಗಳ ಜನ 79,365. ಅಕ್ಕಿ, ತುಪ್ಪ, ಜೇನು, ಬಟ್ಟೆಯ ಲೆಕ್ಕ ಬೇರೆ. ರಾಜ್ಯದಲ್ಲಿ 102 ಆರೋಗ್ಯಶಾಲೆಗಳಿದ್ದವು ಅನ್ನೋ ಮಾತು ಕೂಡ ಇದರಲ್ಲೇ ಇದೆ.

ರಾಜನ ಶಾಸನದ ಅಂಕಿಯನ್ನು ಹಾಗೇ ನುಂಗಬೇಕಿಲ್ಲ, ಅದು ನಮಗೆಲ್ಲ ಗೊತ್ತಿರೋದೇ. ಆದರೆ 2012ರ ಲೈಡಾರ್ ಸಮೀಕ್ಷೆ ಕಾಡಿನ ಕೆಳಗಿನ ನೆಲವನ್ನು ತೋರಿಸಿದಾಗ, ಈ ಆವರಣದೊಳಗೆ ಸಾಲಾಗಿ ದಿಬ್ಬಗಳು, ಹೊಂಡಗಳು ಕಂಡವು. ಜನ ವಾಸವಿದ್ದ ಗುರುತು. ಶಾಸನ ಪೂರಾ ಉತ್ಪ್ರೇಕ್ಷೆ ಅಲ್ಲ.

ಹಾಗಾದ್ರೆ ಆ ಮರಗಳು? ಮರ ನಿಜ, ಬೇರೂ ನಿಜ. ಆದರೆ ಫ್ರೆಂಚರ ಕಾಲದಲ್ಲಿ ಅಂಗ್ಕೋರ್‌ನ ಉಳಿದ ದೇಗುಲಗಳನ್ನು ಕಾಡಿನಿಂದ ಬಿಡಿಸುವಾಗ, ತಾ ಪ್ರೋಮನ್ನು ಮಾತ್ರ ಕಂಡ ಸ್ಥಿತಿಯಲ್ಲೇ ಬಹುಮಟ್ಟಿಗೆ ಉಳಿಸಿಕೊಳ್ಳೋಣ ಅಂತ ಅಲ್ಲಿನ ಸಂರಕ್ಷಕರು ತೀರ್ಮಾನ ಮಾಡಿದರು. ನೋಡೋಕೆ ಚೆನ್ನಾಗಿರುತ್ತೆ ಅಂತ. ಬೀಳದ ಹಾಗೆ ಊರೆ ಕೊಟ್ಟು, ದಾರಿ ಬಿಡಿಸಿ ಕಾಪಾಡಿದ ಪಾಳು ಅದು. ಅಂದ್ರೆ ಹುಡುಗ ಮೇಜಿನ ಮೇಲೆ ಕಟ್ಟಿದ್ದು 1186ರ ವಿಹಾರದ ಅಳಿದುಳಿದ ರೂಪವನ್ನಲ್ಲ, ಕಳೆದ ಶತಮಾನದವರು ಆರಿಸಿಟ್ಟ ಒಂದು ನೋಟವನ್ನು. ಸೀನರಿಯ ಸೀನರಿ.

ಇದರಿಂದ ಕೆಟ್ಟೋಯ್ತಾ ಅಂತ ಕೇಳಬಹುದು. ಆಟ ತಾನೇ? ಹೌದು, ಆಟವೇ. ಆದರೆ 'ಪಾಳು ಅಂದ್ರೆ ತಾನಾಗೇ ಹಾಗಿರೋದು, ಅದರ ಮೇಲಿನ ಅಕ್ಷರ ಅಲಂಕಾರ' ಅಂತ ಕಣ್ಣಿಗೆ ಅಭ್ಯಾಸವಾದರೆ ಅದು ಮೇಜಿಗೇ ನಿಲ್ಲಲ್ಲ. ಒಂದು ಹಳ್ಳಿಯಲ್ಲಿ ಗುಡಿ ಜೀರ್ಣೋದ್ಧಾರ ಆದ ಮೇಲೆ ನಾನು ಹೋಗಿದ್ದೆ. ಬಾಗಿಲ ಪಕ್ಕದ ಶಾಸನಕ್ಕೆ ದಪ್ಪಗೆ ಆಯಿಲ್ ಪೇಂಟ್ ಬಳಿದಿದ್ದರು, ಅಕ್ಷರದ ತಗ್ಗೆಲ್ಲ ತುಂಬಿಹೋಗಿತ್ತು. ಬಳಿಸಿದವರು ಭಕ್ತಿಯಿಂದಲೇ ಮಾಡಿಸಿದ್ದು. "ಏನೋ ಹಳೇ ಗೀಟು ಇತ್ತು ಸಾರ್, ಚೆನ್ನಾಗಿ ಕಾಣ್ಲಿ ಅಂತ" ಅಂದರು. ಆ ಊರಿನ ಹಳೇ ಹೆಸರು, ಕೆರೆ ಕಟ್ಟಿಸಿದವನ ಹೆಸರು, ಯಾವ ಗದ್ದೆ ಯಾರಿಗೆ ಬಿಟ್ಟದ್ದು ಅನ್ನೋದು ಆ ಗೀಟಿನಲ್ಲಿ ಇದ್ದಿರಬಹುದು. 'ಯಾರು ಓದ್ತಾರೆ' ಅನ್ನೋ ಪ್ರಶ್ನೆ ಅಲ್ಲೂ ಇತ್ತು, ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ ಅಷ್ಟೇ.

ಕೊನೆಗೆ ನಾವೇನು ಮಾಡಿದ್ವಿ ಅಂತ ಹೇಳಿಬಿಡ್ತೀನಿ. ತಾ ಪ್ರೋಮ್‌ನ ಹೊರ ಆವರಣದ ಉದ್ದ ಸುಮಾರು ಒಂದು ಕಿಲೋಮೀಟರ್. 1:60ರಲ್ಲಿ 16 ಮೀಟರಿಗೂ ಜಾಸ್ತಿ. ಆರಡಿ ಮೇಜಿಗೆ ಸಿಗೋದು ಅದರ 110 ಮೀಟರ್ ಮಾತ್ರ. ಹಾಗಾಗಿ ಇಡೀ ಗುಡಿಯ ಆಸೆ ಬಿಟ್ಟು ಮೊಗಸಾಲೆಯ ಒಂದು ಮೂಲೆ ಆರಿಸಿಕೊಂಡ್ವಿ. ಮೊದಲು ಪೂರ್ತಿಯಾಗಿ ಕಟ್ಟಿದ್ವಿ, ಆಮೇಲೆ ಕೆಡವಿದ್ವಿ. ಅಲ್ಲಿನ ಮಾಡು ಕಮಾನಲ್ಲ. ಎರಡೂ ಕಡೆಯಿಂದ ಕಲ್ಲಿನ ಸಾಲುಗಳು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಚಾಚಿ ನೆತ್ತಿಯಲ್ಲಿ ಕೂಡುತ್ತವೆ. ಒಂದು ಕಡೆ ಸಡಿಲವಾದರೆ ಚಾಚಿದ ಕಲ್ಲು ಒಳಕ್ಕೇ ಬೀಳುತ್ತೆ. ಹಾಗಾಗಿ ರಾಶಿಯನ್ನು ಮೊಗಸಾಲೆಯ ಒಳಗೆ ಸುರಿದ್ವಿ, ಹೊರಗಿನ ಅಂಗಳ ಸೈನಿಕರಿಗೆ ಖಾಲಿ ಉಳೀತು. ಬೇರನ್ನು ಗೋಡೆ ಮೇಲೆ ಶಾವಿಗೆ ಸುರಿದ ಹಾಗೆ ಬಿಡದೆ ಕಲ್ಲಿನ ಸಂದಿನೊಳಕ್ಕೆ ಇಳಿಸಿದ್ವಿ. ಸಂದು ಅಗಲಿಸೋದೂ ಅದೇ, ಮರ ಬದುಕಿರೋವರೆಗೆ ಕಲ್ಲನ್ನು ಅಪ್ಪಿ ಹಿಡಿದಿರೋದೂ ಅದೇ.

ಖಾಲಿ ಪಟ್ಟಿಯಲ್ಲಿ ಏನೂ ಗೀಚಲಿಲ್ಲ. ಬದಲಿಗೆ ಅಂಗಳದಲ್ಲಿ ನಾಲ್ಕು ಮುಖದ ಒಂದು ಪುಟ್ಟ ಕಲ್ಲು ನಿಲ್ಲಿಸಿ, ಸೂಜಿಯಲ್ಲಿ ಸಮನಾದ ಸಾಲು ಮಾತ್ರ ಎಳೆದ್ವಿ. ಮಾದರಿಯ ಅಡಿಹಲಗೆಯನ್ನು ತಿರುವಿ, ಮಾಡಿದವರು ತಮ್ಮ ಹೆಸರು ಬರೆಯುವ ಜಾಗದಲ್ಲಿ, ಪೆನ್ನಿನಿಂದ ಬರೆದ್ವಿ: ರಾಜವಿಹಾರ, ಶಕ 1108, ಒಳಗೆ 12,640 ಜನ, ಅವರಲ್ಲಿ 615 ನರ್ತಕಿಯರು.

ಹೋದ ವಾರ ಆಟ ಮುಗಿದ ಮೇಲೆ ಎತ್ತಿಡುವಾಗ ಎದುರಾಳಿ ಹುಡುಗ ಅದನ್ನು ತಿರುವಿ ನೋಡಿದನಂತೆ. "615 ಜನ ಇಲ್ಲಿ ಕುಣೀತಿದ್ರಾ? ಯಾರು ಲೆಕ್ಕ ಹಾಕಿದ್ದು?" ಅಂತ ಕೇಳಿದನಂತೆ. ಅಕ್ಕನ ಮಗ ಫೋನ್ ಮಾಡಿ, "ಮಾವ, ಆ ಶಾಸನದ ಪೂರ್ತಿ ಅರ್ಥ ಎಲ್ಲಿ ಸಿಗುತ್ತೆ?" ಅಂದ. ಸೆದೆಸ್ ಅವರ ಲೇಖನ ಫ್ರೆಂಚಿನಲ್ಲಿದೆ ಕಣೋ ಅಂದೆ. ಇಬ್ಬರೂ ಕೂತು ನಿಧಾನಕ್ಕೆ ಓದೋಣ ಅಂತ ಮಾತಾಗಿದೆ.