ನಿಮ್ಮೆಲ್ಲರಿಗೂ ಕೃಪೆ ಮತ್ತು ಶಾಂತಿ

ಯಲಬುರ್ಗಾ ತಾಲ್ಲೂಕಿನ ಬೇವೂರಿನ ಕಡೆ ಇಬ್ಬರು ಎದುರಾದರೆ ‘ಶರಣ್ರೀ’ ಎಂದು ಕೈಮುಗಿದು, ‘ಆರಾಮ ಅದೀರೇನ್ರೀ’ ಎಂದು ವಿಚಾರಿಸುವುದು ವಾಡಿಕೆ. ಮೊದಲ ಮಾತು ಗೌರವದ್ದು, ಎರಡನೆಯದು ಕ್ಷೇಮದ್ದು. ಸಂತ ಪೌಲರ ಪತ್ರಗಳಲ್ಲಿನ ‘ಕೃಪೆ, ಶಾಂತಿ’ಯ ವಂದನೆಯೂ ಹೀಗೆ ಜನಬಳಕೆಯ ಮಾತಿನಿಂದಲೇ ಮೂಡಿತು. ಗ್ರೀಕರು ಪತ್ರದ ಮೊದಲಿಗೆ ‘ಖೈರೆಯಿನ್’ ಎಂದು ಬರೆಯುತ್ತಿದ್ದರು. ಸಂತೋಷವಾಗಿರಿ ಎಂಬುದು ಅದರ ಭಾವ. ಪೌಲರು ಆ ಸ್ಥಳದಲ್ಲಿ ಅದಕ್ಕೆ ಹತ್ತಿರದ ಧ್ವನಿಯುಳ್ಳ ‘ಖಾರಿಸ್’, ಅಂದರೆ ಕೃಪೆ, ಎಂಬ ಪದವನ್ನಿರಿಸಿ, ಯೆಹೂದ್ಯರ ‘ಶಾಲೋಮ್’ನ ಆಶಯವನ್ನು ಜತೆಗೂಡಿಸಿದರು. ಶಾಲೋಮ್ ಎಂದರೆ ಜಗಳವಿಲ್ಲದ ಸ್ಥಿತಿ ಮಾತ್ರವಲ್ಲ. ಬಾಳಿನ ಪೂರ್ಣ ಕ್ಷೇಮ.

ಇದು ಬರಿಯ ಶಿಷ್ಟಾಚಾರವೆಂದು ದಾಟಿಹೋಗುವವರು ಫಿಲೆಮೋನನಿಗೆ ಬರೆದ ಪತ್ರವನ್ನು ನೋಡಬೇಕು. ಗುಲಾಮನಾದ ಒನೇಸಿಮನನ್ನು ಸೋದರನೆಂದು ಸ್ವೀಕರಿಸಬೇಕೆಂಬುದು 25 ವಚನಗಳ ಆ ಪತ್ರದ ಬೇಡಿಕೆ. ಬೇಡಿಕೆ ಒಡೆಯನೊಬ್ಬನಿಗೆ, ಆದ್ದರಿಂದ ಗ್ರೀಕ್ ಮೂಲದಲ್ಲಿ ಅಲ್ಲಿ ಏಕವಚನ. ಆದರೆ ಮೊದಲಿನ ವಂದನೆಯಲ್ಲಿಯೂ ಕೊನೆಯ ಹರಕೆಯಲ್ಲಿಯೂ ಬಹುವಚನ: ಅವು ಆ ಮನೆಯಲ್ಲಿ ಕೂಡುವ ಸಭೆಗೆಲ್ಲ ಸಲ್ಲುತ್ತವೆ. ನಮ್ಮ ‘ನಿಮಗೆ’ ಒಬ್ಬರಿಗೂ ಹಲವರಿಗೂ ಒಪ್ಪುವುದರಿಂದ ಈ ಭೇದ ಕಿವಿಗೆ ಬೀಳುವುದಿಲ್ಲ. ಓದುವಾಗ ‘ನಿಮ್ಮೆಲ್ಲರಿಗೂ’ ಎಂದೇ ಕೇಳಿಸಿಕೊಳ್ಳಬೇಕು. ಒಡೆಯನು ಕೃಪೆಯನ್ನು ತಾನೊಬ್ಬನೇ ಪಡೆದು, ಗುಲಾಮನಿಗೆ ಶಾಂತಿಯನ್ನು ನಿರಾಕರಿಸುವಂತಿಲ್ಲ.

ಕೃಪೆ ಮೊದಲು, ಶಾಂತಿ ಆಮೇಲೆ. ಪೌಲರ ಆರಂಭದ ವಂದನೆಗಳಲ್ಲಿ ಈ ಕ್ರಮ ತಪ್ಪಿಲ್ಲ. ಅರ್ಹತೆಯಿಲ್ಲದೆ ಪಡೆದವರೇ ಅರ್ಹತೆ ಅಳೆಯದೆ ಕೊಡಬಲ್ಲರು. ಬಲಿಪೂಜೆಯಲ್ಲಿ ಪಕ್ಕದವರಿಗೆ ಶಾಂತಿ ಕೋರುವ ನಾವು, ಮನೆಗೆಲಸದವರಿಗೂ ಮಾತು ಬಿಟ್ಟ ದಾಯಾದಿಗೂ ಅದನ್ನೇ ಕೋರಬಲ್ಲೆವೇ? ನಮ್ಮ ವಂದನೆಯ ಸತ್ಯ ಒರೆಗೆ ಹತ್ತುವುದು ಅಲ್ಲಿಯೇ.