ಅತಿಥಿಯ ನೋಟ, ದುಡಿಯುವವನ ನೋಟ

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಹಾಗೂ ಬಿ. ಜಿ. ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಎಂಬ ಕೃತಿಗಳನ್ನು ನಮ್ಮ ವಿಮರ್ಶೆ ‘ಪ್ರವಾಸ ಸಾಹಿತ್ಯ’ವೆಂಬ ಒಂದೇ ಶೀರ್ಷಿಕೆಯಡಿ ಇರಿಸುತ್ತ ಬಂದಿದೆ. ತರಗತಿಯಲ್ಲಿ ನಾವೂ ಹಾಗೆಯೇ ಪಾಠ ಹೇಳಿದ್ದೇವೆ. ಈ ವರ್ಗೀಕರಣ ಮರುಪರಿಶೀಲನೆಗೆ ಅರ್ಹವಾಗಿದೆ.

1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರರ ಕೃತಿ ಇಳಿವಯಸ್ಸಿನ ಅತಿಥಿಯೊಬ್ಬರ ಕಥನ. ಅತಿಥಿಗೆ ಬೆರಗುಪಡುವ ಬಿಡುವುಂಟು. ಒಗ್ಗದ ಆಚಾರವನ್ನು ನಕ್ಕು ದಾಟಬಹುದು. ಸ್ವಾಮಿಯವರಾದರೋ ಹಾರ್ವರ್ಡಿನಲ್ಲಿ ಸಸ್ಯವಿಜ್ಞಾನಿ ಐ. ಡಬ್ಲ್ಯು. ಬೈಲಿಯವರೊಡನೆ ಸಂಶೋಧನೆ ನಡೆಸಿ, ಮರಳಿ ಬಂದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ದುಡಿಯಲು ಹೋದವನಿಗೆ ಪರದೇಶದ ನಡವಳಿಕೆ ದಿನಚರಿಯ ನಿಯಮವಾಗುತ್ತದೆ. ಹಿರಿಯರನ್ನು ಹೇಗೆ ಕರೆಯಬೇಕು, ಊಟದ ಹೊತ್ತು ಯಾವುದು, ತನ್ನ ಮೌನವನ್ನು ಅಲ್ಲಿಯವರು ವಿನಯವೆಂದು ತಿಳಿವರೋ ಅಜ್ಞಾನವೆಂದೋ, ಇವೆಲ್ಲಕ್ಕೂ ಅವನು ಪ್ರತಿದಿನ ಉತ್ತರ ಕಂಡುಕೊಳ್ಳಬೇಕು. ಆದರೂ ಅವನು ವಲಸಿಗನಲ್ಲ. ಮರಳುವ ದಿನವನ್ನು ಎಣಿಸುತ್ತಿರುವವನು.

ಪಂಪನ ಪೂರ್ವಜರ ನೆಲೆ ವೆಂಗಿ. ಆಶ್ರಯ ದೊರೆತದ್ದು ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯಲ್ಲಿ. ಅವನ ಕಾವ್ಯ ಹಂಬಲಿಸುವುದು ಬನವಾಸಿಯನ್ನು. ದುಡಿಯುವ ನೆಲ, ನೆನೆಯುವ ನೆಲ ಬೇರೆಯಾಗುವ ಬಿಕ್ಕಟ್ಟು ನಮ್ಮ ಸಾಹಿತ್ಯಕ್ಕೆ ಹೊಸದಲ್ಲ.

ಇಂದು ಒಂದೆರಡು ವರ್ಷಗಳ ಗುತ್ತಿಗೆಯ ಮೇಲೆ ಹೊರದೇಶಕ್ಕೆ ತೆರಳುವ ಕನ್ನಡಿಗರು ಬರೆದದ್ದನ್ನು ಬೆರಗಿಗಾಗಿ ಓದಿದರೆ ನೀರಸವೆನಿಸೀತು. ದುಡಿಮೆಯ ಬರಹವೆಂದು ಓದಿದಾಗಲೇ ಅದರ ಇಕ್ಕಟ್ಟು ಗೋಚರಿಸುತ್ತದೆ. ಅಂಥ ಬರಹಕ್ಕೆ ಪಠ್ಯಕ್ರಮದಲ್ಲಿ ಎಡೆ ಕಲ್ಪಿಸದಿದ್ದರೆ ಆ ಹೊಣೆ ನಮ್ಮದೇ.